ಹೆಂಚಿನ ಕೆಳಗಿನ ಮರ: ಭರಣಿ ಮಳೆಗೆ ಮುಂಚೆ ಮುಗಿಸಬೇಕಾದ ರಿಪೇರಿ

ಮೈಸೂರಿನ ಹಳೇ ಅಗ್ರಹಾರಗಳು, ಕೆ.ಆರ್. ಮೊಹಲ್ಲಾ, ಒಂಟಿಕೊಪ್ಪಲು, ಆಚೆಗೆ ಶ್ರೀರಂಗಪಟ್ಟಣ, ಮೇಲುಕೋಟೆ. ಇಲ್ಲೆಲ್ಲ ಇನ್ನೂ ಉಳಿದಿರುವ ಹೆಂಚಿನ ಮನೆಗಳು ಸೋರತೊಡಗಿದರೆ ಜನ ಮೊದಲು ಹೆಂಚು ಬದಲಾಯಿಸುತ್ತಾರೆ. ಅದಕ್ಕೂ ನಿಲ್ಲದಿದ್ದರೆ ಮೇಲೆ ಟಾರ್ಪಾಲು ಬರುತ್ತದೆ. ಕೊನೆಗೆ ಕೈಯಲ್ಲಿ ದುಡ್ಡಾದಾಗ ಹೆಂಚನ್ನೆಲ್ಲ ಇಳಿಸಿ ಶೀಟು ಹಾಕಿಸಿಬಿಡುತ್ತಾರೆ. ಇಷ್ಟರ ನಡುವೆ ಒಂದು ಸಲವಾದರೂ ಮರದ ಕಡೆ ಯಾರೂ ಕತ್ತೆತ್ತಿ ನೋಡಿರುವುದಿಲ್ಲ.

ಹೆಂಚು ಒಡೆದರೆ ಹೋಗುವುದು ಒಂದು ಹೆಂಚು. ಅದರ ಕೆಳಗಿನ ರೀಪರ್, ಅಂದರೆ ಹೆಂಚು ಕೂರುವ ಮರದ ಅಡ್ಡಪಟ್ಟಿ, ಎರಡು ಮೂರು ಮಳೆಗಾಲ ಒದ್ದೆಯಾಗಿಯೇ ಉಳಿದರೆ ಮೊದಲು ಆ ರೀಪರ್ ಹೋಗುತ್ತದೆ, ಆಮೇಲೆ ಅದನ್ನು ಹೊತ್ತ, ಇಳಿಜಾರಿನುದ್ದಕ್ಕೂ ಇಳಿಯುವ ಜಂತೆಯ ತುದಿ ಹೋಗುತ್ತದೆ, ಸೂರು ಬಾಗುತ್ತದೆ, ಬಾಗಿದ ಕಡೆ ಹೆಂಚುಗಳ ಬಾಯಿ ಬಿಡುತ್ತದೆ, ಅಲ್ಲಿಂದ ಇನ್ನಷ್ಟು ನೀರು ಒಳಗೆ. ಹೀಗಾಗಿ ಹೆಂಚಿನ ಮನೆಯ ರಿಪೇರಿ ಎಂದರೆ ಮುಕ್ಕಾಲು ಪಾಲು ಮರದ ರಿಪೇರಿ. ಮರ ಒಣಗಿರುವಂತೆ, ಅದಕ್ಕೆ ಗಾಳಿಯಾಡುವಂತೆ ನೋಡಿಕೊಂಡರೆ ನೂರು ವರ್ಷದ ಮನೆಗೂ ಏನೂ ಆಗುವುದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಕಟ್ಟಿದ್ದು 1784ರಲ್ಲಿ, ಬಹುಪಾಲು ತೇಗದ ಮರದಲ್ಲಿ. ಸುತ್ತ ಅಗಲವಾದ ಜಗಲಿ, ಅದರ ಮೇಲೆ ಮುಂದಕ್ಕೆ ಚಾಚಿದ ಸೂರು. ಮಳೆ ನೇರವಾಗಿ ಬಂದು ಮರಕ್ಕೆ ಬಡಿಯಲು ಅಲ್ಲಿ ದಾರಿಯೇ ಕಡಿಮೆ.

ನಮ್ಮ ಕಡೆಯ ಮಳೆಯ ಸ್ವಭಾವವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ ಮೈಸೂರಿನಲ್ಲಿ ಸುಮಾರು 800, ಮಂಡ್ಯದಲ್ಲಿ ಅದಕ್ಕೂ ಕಡಿಮೆ. ಆದರೆ ಇಲ್ಲಿನ ಮಳೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲಿನ ಜೊತೆ ಬರುತ್ತದೆ, ಅಡ್ಡಡ್ಡ ಬೀಸುತ್ತದೆ. ಆಷಾಢದ ಗಾಳಿ ಹೆಂಚನ್ನು ಅಲ್ಲಾಡಿಸಿ ಇಟ್ಟಿರುತ್ತದೆ. ಆಮೇಲೆ ಹಸ್ತ, ಚಿತ್ತೆ, ಸ್ವಾತಿ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲವರೆಗೆ, ಮತ್ತೆ ಜೋರು. ನಡುವೆ ತಿಂಗಳುಗಟ್ಟಲೆ ಒಣಬಿಸಿಲು. ಮರ ಹಿಗ್ಗುವುದು, ಕುಗ್ಗುವುದು, ಮೊಳೆ ಸಡಿಲವಾಗುವುದು ಇದೇ ಏರಿಳಿತದಲ್ಲಿ. ಕೆಲಸಕ್ಕೆ ಸರಿಯಾದ ಕಾಲ ಫೆಬ್ರವರಿ, ಮಾರ್ಚ್. ಮರ ಒಣಗಿರುತ್ತದೆ, ಎಣ್ಣೆ ಚೆನ್ನಾಗಿ ಕುಡಿಯುತ್ತದೆ, ಪಕ್ಕದ ಹೊಂಗೆ, ಬೇವಿನ ಎಲೆ ಉದುರಿ ಮುಗಿಯುತ್ತಾ ಬಂದಿರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಭರಣಿ ಮಳೆ ಹುಟ್ಟುವ ಹೊತ್ತಿಗೆ ಏಣಿ ಒಳಗೆ ಸೇರಿರಬೇಕು.

ಮೊದಲು ಒಳಗಿನಿಂದ ನೋಡಿ

ಹೆಂಚಿನ ಮೇಲೆ ಹತ್ತುವ ಮುಂಚೆ ಅರ್ಧ ದಿನ ಮನೆಯ ಒಳಗೇ ಕಳೆಯಿರಿ. ಮಧ್ಯಾಹ್ನದ ಬಿಸಿಲಲ್ಲಿ ಕಿಟಕಿ, ಬಾಗಿಲು ಮುಚ್ಚಿ, ದೀಪ ಆರಿಸಿ ಮೇಲೆ ನೋಡಿ. ಹೆಂಚಿನ ಸಂದಿಯಲ್ಲಿ ಸೂಜಿಮೊನೆಯಷ್ಟು ಬೆಳಕು ಎಲ್ಲೆಲ್ಲಿ ಕಾಣುತ್ತದೆಯೋ ಅದರ ಪಕ್ಕದ ಜಂತೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಕು ಕಂಡ ಕಡೆಯೆಲ್ಲ ಸೋರಲೇಬೇಕೆಂದಿಲ್ಲ. ಮಂಗಳೂರು ಹೆಂಚಿನ ಪಕ್ಕದ ಕಚ್ಚಿನಲ್ಲಿ, ಅಂದರೆ ಒಂದು ಹೆಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳುವ ಅಂಚಿನಲ್ಲಿ, ಓರೆಯಾಗಿ ಸ್ವಲ್ಪ ಬೆಳಕು ನುಸುಳುವುದು ಸಹಜ. ನೇರವಾಗಿ ಆಕಾಶ ಕಂಡರೆ ಅದು ತೂತು.

ನೀರಿನ ಕಲೆ ಇರುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ಒಳಬಂದ ನೀರು ರೀಪರ್ ಹಿಡಿದು ಪಕ್ಕಕ್ಕೆ ಹರಿದು, ಜಂತೆಯ ಕೆಳಬದಿಯಲ್ಲಿ ಇಳಿದು, ಯಾವುದೋ ಗಂಟು ಅಥವಾ ಮೊಳೆಯ ಹತ್ತಿರ ತೊಟ್ಟಿಕ್ಕುತ್ತದೆ. ಕಲೆಯಿಂದ ನೆತ್ತಿಯ, ಅಂದರೆ ಎರಡು ಇಳಿಜಾರು ಸೇರುವ ಮೇಲ್ತುದಿಯ, ಕಡೆಗೆ ಮೇಲಕ್ಕೆ ಹುಡುಕುತ್ತಾ ಹೋಗಿ. ಆಗಲೂ ಸಿಗದಿದ್ದರೆ ಒಬ್ಬರು ಒಳಗೆ ನಿಂತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಸೂರಿನಂಚಿನಿಂದ ಶುರುಮಾಡಿ, ಒಂದೊಂದು ಸಾಲಿಗೆ ಐದು ನಿಮಿಷ ಕೊಟ್ಟು ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ.

ಮರ ನೋಡಲು ಬೇಕಾದ್ದು ಒಂದು ಟಾರ್ಚು, ಒಂದು ದಬ್ಬಳ ಅಥವಾ ಚೂಪಾದ ಸ್ಕ್ರೂಡ್ರೈವರ್, ಒಂದು ಸಣ್ಣ ಸುತ್ತಿಗೆ. ಮೊದಲು ನೋಡಬೇಕಾದ ಜಾಗ ನಾಲ್ಕು: ಜಂತೆ ಗೋಡೆಯ ಮೇಲೆ ಕೂರುವ ತುದಿ, ಸೂರಿನಂಚಿನ ಹಲಗೆಯ ಹಿಂಬದಿ, ನೆತ್ತಿತೊಲೆಯ ಮೇಲ್ಭಾಗ, ಮನೆ ನಡುವಿನ ತೆರೆದ ತೊಟ್ಟಿಯ ಒಳಮೂಲೆಗಳು. ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಮರ ಕಣಕಣ ಎನ್ನುತ್ತದೆ, ಒಳಗೆ ತಿಂದುಹೋದದ್ದು ಬೊದ್ದು ಸದ್ದು ಕೊಡುತ್ತದೆ. ದಬ್ಬಳವನ್ನು ಎಳೆಗೆ ಅಡ್ಡಲಾಗಿ ಚುಚ್ಚಿ ಮೀಟಿ. ಒಳ್ಳೆಯ ಮರ ಉದ್ದನೆಯ ಸಿಬಿರಾಗಿ ಏಳುತ್ತದೆ. ಕೊಳೆತದ್ದು ತುಂಡುತುಂಡಾಗಿ ಮುರಿದುಬರುತ್ತದೆ. ಈ ವ್ಯತ್ಯಾಸ ಒಂದು ಸಲ ಕೈಗೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ.

ಕೊಳೆತ, ಗೆದ್ದಲು, ಕುಟ್ಟೆಹುಳ ಈ ಮೂರಕ್ಕೂ ಮದ್ದು ಬೇರೆಬೇರೆ. ಕೊಳೆತ ಎನ್ನುವುದು ಶಿಲೀಂಧ್ರದ ಕೆಲಸ. ಮರದ ತೇವಾಂಶ ಶೇ. 20ಕ್ಕಿಂತ ಮೇಲೆ ಬಹುಕಾಲ ನಿಂತರೆ ಮಾತ್ರ ಅದು ಬೆಳೆಯುತ್ತದೆ. ನೀರು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಗೆದ್ದಲು ನೆಲದಿಂದ ಗೋಡೆ ಹಿಡಿದು ಮಣ್ಣಿನ ಸುರಂಗ ಕಟ್ಟಿಕೊಂಡು ಮೇಲೇರುತ್ತದೆ, ಮರವನ್ನು ಒಳಗಿನಿಂದ ತಿಂದು ಹೊರಗೆ ತೆಳ್ಳನೆ ಸಿಪ್ಪೆ ಉಳಿಸುತ್ತದೆ. ಆ ಸುರಂಗವನ್ನು ಒರೆಸಿಹಾಕಿದರೆ ಸಾಲದು. ಅದು ನೆಲದಲ್ಲಿ ಎಲ್ಲಿಂದ ಹೊರಟಿದೆ ಎಂದು ಹುಡುಕಿ ಅಲ್ಲಿಗೆ ಮದ್ದು ಹಾಕಬೇಕು. ಕುಟ್ಟೆಹುಳದ ಗುರುತು ಒಂದೆರಡು ಮಿಲಿಮೀಟರಿನ ದುಂಡು ತೂತು, ಕೆಳಗೆ ಪೌಡರಿನಷ್ಟು ನಯವಾದ ಹುಡಿ. ಅದು ತಿನ್ನುವುದು ಮರದ ಹೊರಪದರದ ಬಿಳಿಭಾಗವನ್ನು. ಒಳಗಿನ ಗಟ್ಟಿ ಭಾಗವಾದ ಚೇಗನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಳೇ ತೇಗದ ತೊಲೆಯ ಅಂಚಿನಲ್ಲಿ ಹತ್ತಾರು ತೂತು ಕಂಡು ಹೆದರಿ ಇಡೀ ತೊಲೆಯನ್ನೇ ತೆಗೆಸಿದ ಮನೆಗಳಿವೆ. ಅಂಚಿನ ಬಿಳಿಭಾಗ ಕೆತ್ತಿ ನೋಡಿದ್ದರೆ ಒಳಗೆ ಚೇಗು ಕಬ್ಬಿಣದ ಹಾಗೆ ಇರುತ್ತಿತ್ತು. ತೂತು ಹಳೆಯದೋ ಹೊಸದೋ ಎಂದು ತಿಳಿಯಲು ಕೆಳಗೊಂದು ಕಪ್ಪು ಕಾಗದ ಹರಡಿ ಎರಡು ವಾರ ಬಿಡಿ. ಹೊಸ ಹುಡಿ ಬಿದ್ದರೆ ಹುಳ ಜೀವಂತ ಇದೆ ಎಂದರ್ಥ.

ಹೆಂಚು ಕೈಯಾಡಿಸುವುದು

ಮಂಗಳೂರು ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರಿಂದ. ಆಮೇಲೆ ಹತ್ತಾರು ಕಂಪನಿಗಳು ಬಂದವು. ಪ್ರತಿ ಹೆಂಚಿನ ಅಡಿಯಲ್ಲೂ ಅಚ್ಚಿನ ಹೆಸರು ಇರುತ್ತದೆ. ಈ ಹೆಸರು ರಿಪೇರಿಯಲ್ಲಿ ಬಹಳ ಮುಖ್ಯ. ಉದ್ದ, ಅಗಲ ಒಂದೇ ಇದ್ದರೂ ಒಂದು ಕಂಪನಿಯ ಹೆಂಚಿನ ಪಕ್ಕದ ಕಚ್ಚು ಇನ್ನೊಂದು ಕಂಪನಿಯದಕ್ಕೆ ಸರಿಯಾಗಿ ಕೂರುವುದಿಲ್ಲ. ಎರಡು ಮಿಲಿಮೀಟರ್ ವ್ಯತ್ಯಾಸ ಸಾಕು, ಹೆಂಚು ಒಂದು ಕಡೆ ಎದ್ದು ನಿಲ್ಲುತ್ತದೆ, ಅಡ್ಡಮಳೆ ಅಲ್ಲೇ ನುಗ್ಗುತ್ತದೆ. ಹಳೇ ಮನೆ ಕೆಡವುವ ಕಡೆ ಹೆಂಚು ಕೊಳ್ಳುವುದಾದರೆ ನಿಮ್ಮ ಮನೆಯ ಒಂದು ಹೆಂಚನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಅಚ್ಚು ನೋಡಿ, ಪಕ್ಕಪಕ್ಕ ಇಟ್ಟು ಕೂರಿಸಿ ನೋಡಿ ತನ್ನಿ. ಅದೇ ಅಚ್ಚಿನದು ಸಿಗದಿದ್ದರೆ ಹೊಸ ಹೆಂಚನ್ನು ಅಲ್ಲಲ್ಲಿ ಒಂದೊಂದು ತೂರಿಸಬೇಡಿ. ಒಂದು ಇಳಿಜಾರಿನ ಹಳೆಯ ಹೆಂಚನ್ನೆಲ್ಲ ತೆಗೆದು ಬೇರೆ ಇಳಿಜಾರುಗಳ ರಿಪೇರಿಗೆ ಬಳಸಿ, ಖಾಲಿಯಾದ ಇಳಿಜಾರಿಗೆ ಪೂರ್ತಿ ಹೊಸದನ್ನು ಹೊದಿಸಿ.

ಹೆಂಚು ಕೊಳ್ಳುವಾಗ ಎತ್ತಿ ಹಿಡಿದು ಬೆರಳಗೆಣ್ಣಿನಿಂದ ತಟ್ಟಿ. ಗಂಟೆಯಂಥ ನಾದ ಬಂದರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ. ಮಂಕು ಸದ್ದು ಬಂದರೆ ಬಿಡಿ. ಮಸುಕು ಕಿತ್ತಳೆ ಬಣ್ಣದ, ಉಗುರಿನಲ್ಲಿ ಗೀರಿದರೆ ಪುಡಿ ಬರುವ ಹೆಂಚು ನೀರು ಕುಡಿದು ಭಾರವಾಗಿ, ಅದರ ತೇವವನ್ನೆಲ್ಲ ಕೆಳಗಿನ ರೀಪರಿಗೆ ಕೊಡುತ್ತದೆ.

ಲೆಕ್ಕ ಹೀಗೆ. ಸಾಮಾನ್ಯ ಅಳತೆಯ, ಅಂದರೆ 410 ಮಿ.ಮೀ. ಉದ್ದ, 235 ಮಿ.ಮೀ. ಅಗಲದ ಹೆಂಚು ಚದರ ಮೀಟರಿಗೆ ಸುಮಾರು 15, ನೂರು ಚದರಡಿಗೆ 140 ಹಿಡಿಯುತ್ತದೆ. ನೆಲದ ಅಳತೆ ಹಿಡಿಯಬೇಡಿ, ಇಳಿಜಾರಿನ ಅಳತೆ ಹಿಡಿಯಿರಿ. 30 ಡಿಗ್ರಿ ಇಳಿಜಾರಿದ್ದರೆ ನೆಲದ ಅಳತೆಗೆ ಶೇ. 15 ಸೇರಿಸಬೇಕು. 600 ಚದರಡಿ ನೆಲಕ್ಕೆ 690 ಚದರಡಿ ಸೂರು, ಅದಕ್ಕೆ 970 ಹೆಂಚು, ಒಡೆಯುವುದಕ್ಕೆಂದು ಶೇ. 5 ಹೆಚ್ಚು. ನೆತ್ತಿಹೆಂಚು ಅಡಿಗೊಂದು. ರೀಪರಿನಿಂದ ರೀಪರಿಗೆ ಅಂತರ ಸುಮಾರು 32 ಸೆಂ.ಮೀ. ಬಂದರೆ ನೂರು ಚದರಡಿಗೆ ನೂರಡಿ ರೀಪರ್ ಬೇಕು. ಆದರೆ ಈ 32ನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳದೆ ನಿಮ್ಮದೇ ಹೆಂಚು ಎರಡನ್ನು ನೆಲದ ಮೇಲೆ ಒಂದರ ಮೇಲೊಂದು ಕೂರಿಸಿ, ಅಡಿಯಲ್ಲಿ ರೀಪರಿಗೆ ಸಿಕ್ಕಿಕೊಳ್ಳುವ ಮೂಗಿನಿಂದ ಮೂಗಿಗೆ ಅಳೆಯಿರಿ. ಒಂದರ ಮೇಲೊಂದು ಕನಿಷ್ಠ 60 ಮಿ.ಮೀ. ಹೊದ್ದಿರಬೇಕು. ಇಳಿಜಾರು 25 ಡಿಗ್ರಿಗಿಂತ ಕಡಿಮೆ ಇದ್ದರೆ ಎಷ್ಟೇ ಚೆನ್ನಾಗಿ ಹೊದಿಸಿದರೂ ಗಾಳಿ ನೀರನ್ನು ಸಂದಿಯೊಳಗೆ ಮೇಲಕ್ಕೆ ನೂಕುತ್ತದೆ.

ಒಂದೇ ಹೆಂಚು ಬದಲಾಯಿಸಲು ಸುತ್ತಿನದನ್ನೆಲ್ಲ ಕೀಳಬೇಕಿಲ್ಲ. ಒಡೆದ ಹೆಂಚಿನ ಮೇಲಿನ ಸಾಲಿನ ಎರಡು ಹೆಂಚನ್ನು ಮೆಲ್ಲಗೆ ಎತ್ತಿ, ಕೆಳಗೆ ಎರಡು ಮರದ ಬೆಣೆ ಕೊಡಿ. ಪಕ್ಕದ ಕಚ್ಚು ಹೊದ್ದಿರುವ ಕಡೆಯ ಹೆಂಚನ್ನೂ ಅಷ್ಟೇ ಎತ್ತಿ. ಒಡೆದದ್ದನ್ನು ಮೊದಲು ಮೇಲಕ್ಕೆತ್ತಿ ಮೂಗನ್ನು ರೀಪರಿನಿಂದ ಬಿಡಿಸಿ, ಆಮೇಲೆ ಕೆಳಕ್ಕೆ ಎಳೆಯಿರಿ. ಹೊಸದನ್ನು ಮೇಲಕ್ಕೆ ತಳ್ಳಿ, ಮೂಗು ರೀಪರಿಗೆ ಕಚ್ಚಿದ್ದು ಗೊತ್ತಾಗುವವರೆಗೂ ಕೆಳಗೆ ಎಳೆದು ನೋಡಿ, ಬೆಣೆ ತೆಗೆಯಿರಿ. ಹೆಂಚು ಪದೇಪದೇ ಜಾರುತ್ತಿದ್ದರೆ ಹೊಸದು ಹಾಕಿ ಪ್ರಯೋಜನವಿಲ್ಲ. ಒಂದೋ ಮೂಗು ಮುರಿದಿದೆ, ಇಲ್ಲವೇ ರೀಪರ್ ಬಾಗಿದೆ ಅಥವಾ ಅದರ ಮೇಲಂಚು ಕೊಳೆತು ದುಂಡಗಾಗಿದೆ.

ಸೂರಿನಂಚಿನ ಮೊದಲ ಸಾಲು ಮತ್ತು ಪಕ್ಕದ ಅಂಚುಗಳನ್ನು ತಂತಿಯಿಂದ ಬಿಗಿಯಬೇಕು. ಮಂಗಳೂರು ಹೆಂಚಿನ ಅಡಿಯ ಕಿವಿಯಲ್ಲಿ ತೂತು ಬಿಟ್ಟಿರುವುದು ಇದಕ್ಕೇ. ಅದರಲ್ಲಿ 18 ಗೇಜಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಅಥವಾ ತಾಮ್ರದ ತಂತಿ ಪೋಣಿಸಿ ರೀಪರಿನ ಮೊಳೆಗೆ ಸುತ್ತಿದರೆ ಆಷಾಢದ ಗಾಳಿಗೂ ಕೋತಿಗೂ ಅದು ಜಗ್ಗುವುದಿಲ್ಲ. ಚಾಮುಂಡಿಬೆಟ್ಟದ ತಪ್ಪಲಿನ ಬಡಾವಣೆಗಳಲ್ಲಿ, ಮೇಲುಕೋಟೆಯಲ್ಲಿ ಕೋತಿಗಳ ಕಾಟಕ್ಕೆ ಕೆಳಗಿನ ಮೂರು ಸಾಲನ್ನೂ ಕಟ್ಟಿಸುವುದು ಒಳ್ಳೆಯದು.

ಹೆಂಚಿನ ಮೇಲೆ ಕಾಲಿಡುವ ಜಾಗ ಎರಡು ಹೆಂಚು ಒಂದರ ಮೇಲೊಂದು ಹೊದ್ದಿರುವ ಕಡೆ ಮಾತ್ರ, ಏಕೆಂದರೆ ಅದರ ಕೆಳಗೆ ರೀಪರ್ ಇರುತ್ತದೆ. ಹೆಂಚಿನ ನಡುಹೊಟ್ಟೆಯ ಮೇಲೆ ಕಾಲಿಟ್ಟರೆ ಮುರಿಯುತ್ತದೆ. ಇನ್ನೂ ಒಳ್ಳೆಯದು, ಒಂದು ಬಿದಿರಿನ ಏಣಿಯನ್ನು ನೆತ್ತಿಗೆ ಕೊಕ್ಕೆ ಹಾಕಿ ಇಳಿಜಾರಿನ ಮೇಲೆ ಮಲಗಿಸಿ, ಕೆಳಗೆ ಗೋಣಿಚೀಲ ಹಾಸಿ, ಅದರ ಮೇಲೆ ಓಡಾಡುವುದು. ನೆತ್ತಿಯ ಆಚೆಬದಿಯಿಂದ ಹಗ್ಗ ತಂದು ಸೊಂಟಕ್ಕೆ ಕಟ್ಟಿಕೊಳ್ಳದೆ ಯಾರನ್ನೂ ಮೇಲೆ ಹತ್ತಿಸಬೇಡಿ. ಪಾಚಿ ಇದ್ದರೆ ಅದು ಒಣಗಿದ ಮೇಲೆ ತೆಂಗಿನ ಪೊರಕೆಯಿಂದ ಗುಡಿಸಿ. ಪ್ರೆಶರ್ ವಾಷರ್ ಹೆಂಚಿನ ಸುಟ್ಟ ಮೇಲ್ಪದರವನ್ನೇ ಕಿತ್ತು ಹಾಕಿ, ನೀರನ್ನು ಸಂದಿಯೊಳಗೆ ನುಗ್ಗಿಸುತ್ತದೆ.

ತೊಟ್ಟಿಯ ಒಳಮೂಲೆ

ಹೆಂಚಿನ ಮನೆಯಲ್ಲಿ ಅತಿ ಹೆಚ್ಚು ಮರ ಹಾಳಾಗುವ ಜಾಗ ಇದು. ತೊಟ್ಟಿಮನೆಯಲ್ಲಿ ನಾಲ್ಕು ಕಡೆಯ ಸೂರು ಒಳಗಿನ ತೊಟ್ಟಿಗೆ ಇಳಿಯುತ್ತದೆ. ಎರಡು ಇಳಿಜಾರು ಸೇರುವ ಪ್ರತಿ ಮೂಲೆಯಲ್ಲೂ ಒಂದು ತಗ್ಗು, ಅದರಲ್ಲಿ ತಗಡಿನ ದೋಣಿ. ಆ ಮೂಲೆಯ ಚೌಕದಲ್ಲಿ ಬಿದ್ದ ನೀರೆಲ್ಲ ಇದೇ ದೋಣಿಯಲ್ಲಿ ಹೋಗಬೇಕು. ಹನ್ನೆರಡಡಿಗೆ ಹನ್ನೆರಡಡಿಯ ಮೂಲೆಗೆ ಒಂದು ಗಂಟೆಯಲ್ಲಿ 40 ಮಿ.ಮೀ. ಮಳೆ ಸುರಿದರೆ ಐನೂರು ಲೀಟರಿಗೂ ಹೆಚ್ಚು ನೀರು, ಒಂದು ಗೇಣು ಅಗಲದ ದಾರಿಯಲ್ಲಿ. ಅಲ್ಲಿ ನಾಲ್ಕು ಬೇವಿನ ಕಡ್ಡಿ, ಒಂದು ಹಿಡಿ ಎಲೆ ಅಡ್ಡ ಕೂತರೆ ನೀರು ಏರಿ ತಗಡಿನ ಅಂಚು ದಾಟಿ ಹಲಗೆಯ ಮೇಲೆ ಹರಿಯುತ್ತದೆ. ಕೆಳಗಿನ ಮೂಲೆಜಂತೆ ಇಡೀ ಮೂಲೆಯ ಭಾರ ಹೊತ್ತದ್ದು. ಅದು ಕೊಳೆತರೆ ಕೂತಲ್ಲೇ ರಿಪೇರಿ ಬಹಳ ಕಷ್ಟ.

ಹಳೇ ದೋಣಿಯನ್ನು ಬೆರಳಲ್ಲಿ ಸವರಿ ನೋಡಿ. ಸತು ಹೋಗಿ ಕೆಂಪು ತುಕ್ಕು ಬಂದಿದ್ದರೆ, ತಗಡಿನ ಜೋಡಣೆಗೆ ಟಾರು ಬಳಿದು ಬಳಿದು ಕಾಲ ನೂಕಿದ್ದರೆ, ಈ ವರ್ಷವೇ ಬದಲಾಯಿಸಿ. ಟಾರು ಬಿಸಿಲಿಗೆ ಸೀಳುತ್ತದೆ, ಸೀಳಿನ ಕೆಳಗೆ ನೀರು ನಿಂತು ತಗಡು ಇನ್ನೂ ಬೇಗ ತಿಂದುಹೋಗುತ್ತದೆ.

ಹೊಸ ದೋಣಿಗೆ 24 ಗೇಜಿನ, ಕೈಗೆಟುಕಿದರೆ 22 ಗೇಜಿನ ಜಿ.ಐ. ಶೀಟು, ಎರಡಡಿ ಅಗಲ. ಮೂಲೆಜಂತೆಯ ಎರಡೂ ಕಡೆ ಒಂದಂಗುಲ ದಪ್ಪದ, ಒಂಬತ್ತಂಗುಲ ಅಗಲದ ಹಲಗೆ ಹಾಸಿ ಅದರ ಮೇಲೆ ತಗಡು ಕೂರಿಸಬೇಕು. ತಗಡಿನ ಎರಡೂ ಉದ್ದಂಚನ್ನು ಅರ್ಧ ಅಂಗುಲ ಮೇಲಕ್ಕೆ ಮಡಚಿ ಒಳಕ್ಕೆ ಬಾಗಿಸಿ. ನೀರು ಪಕ್ಕಕ್ಕೆ ಹತ್ತಿದರೂ ಈ ಮಡಿಕೆ ಅದನ್ನು ತಿರುಗಿ ದೋಣಿಗೆ ಕಳಿಸುತ್ತದೆ. ಮೊಳೆಯನ್ನು ನೀರು ಹರಿಯುವ ಜಾಗದಲ್ಲಿ ಹೊಡೆಯಲೇಬಾರದು. ತಗಡಿನದೇ ಸಣ್ಣ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಅಂಚಿನ ಮಡಿಕೆಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಹಲಗೆಗೆ ಹೊಡೆಯಿರಿ. ಬಿಸಿಲಿಗೆ ತಗಡು ಹಿಗ್ಗಲು ಆಗ ಜಾಗ ಇರುತ್ತದೆ. ಎರಡು ತಗಡು ಸೇರುವ ಕಡೆ ಮೇಲಿನದು ಕೆಳಗಿನದರ ಮೇಲೆ ಆರಂಗುಲ ಹೊದ್ದಿರಲಿ. ಅಲ್ಯೂಮಿನಿಯಂ ಶೀಟು ಹಗುರ, ತುಕ್ಕು ಹಿಡಿಯದು ಎಂದು ಕೆಲವರು ಹಾಕಿಸುತ್ತಾರೆ. ಆದರೆ ಹಸಿ ಸುಣ್ಣ, ಹಸಿ ಸಿಮೆಂಟು ತಗುಲಿದ ಕಡೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನೆತ್ತಿಯಿಂದ ಗಾರೆ ಬೀಳುವ ಜಾಗಕ್ಕೆ ಅದು ಬೇಡ.

ಎರಡು ಕಡೆಯ ಹೆಂಚುಗಳ ನಡುವೆ ದೋಣಿ ನಾಲ್ಕೈದು ಅಂಗುಲ ತೆರೆದಿರಬೇಕು. ಚೆನ್ನಾಗಿ ಕಾಣಲಿ ಎಂದು ಹೆಂಚುಗಳನ್ನು ಹತ್ತಿರ ತಂದು ಸಂದಿಗೆ ಸಿಮೆಂಟು ತುಂಬುವುದು ಮೈಸೂರಿನಲ್ಲಿ ಎಲ್ಲೆಲ್ಲೂ ಕಾಣುವ ತಪ್ಪು. ಎಲೆ ಒಳಗೆ ಸಿಕ್ಕಿ, ಕಣ್ಣಿಗೆ ಕಾಣದೆ, ಕೈಗೂ ಸಿಗದೆ ಅಲ್ಲೇ ಗೊಬ್ಬರವಾಗುತ್ತದೆ. ದೋಣಿಯ ಪಕ್ಕದ ಹೆಂಚನ್ನು ಓರೆಯಾಗಿ ಕತ್ತರಿಸಬೇಕಾದಾಗ ಗ್ರೈಂಡರ್ ಕೆಲಸ ನೆಲದ ಮೇಲೇ ಮುಗಿಸಿ, ಮುಖಕ್ಕೆ ಮಾಸ್ಕ್ ಇರಲಿ. ತಗಡಿನ ಮೇಲೆಯೇ ಇಟ್ಟು ಕೊಯ್ದರೆ ಬ್ಲೇಡು ಸತುವನ್ನು ಗೀರುತ್ತದೆ. ಕತ್ತರಿಸಿದ ತುಂಡಿಗೆ ಎಷ್ಟೋ ಸಲ ಮೂಗು ಉಳಿದಿರುವುದಿಲ್ಲ, ಅದಕ್ಕೇ ಮೂಲೆಯ ತುಂಡುಗಳು ವರ್ಷದೊಳಗೆ ದೋಣಿಗೆ ಜಾರಿ ಬೀಳುತ್ತವೆ. ಮೂಗಿಲ್ಲದ ತುಂಡಿಗೆ ಮೇಲಿನ ಹೆಂಚು ಹೊದಿಯುವ ಜಾಗದಲ್ಲಿ 4 ಮಿ.ಮೀ. ತೂತು ಕೊರೆದು ತಂತಿಯಿಂದ ರೀಪರಿಗೆ ಕಟ್ಟಿ.

ಮರದ ಕೆಲಸ

ಕೆಟ್ಟದ್ದನ್ನಷ್ಟೇ ತೆಗೆಯಿರಿ, ಒಳ್ಳೆಯದನ್ನು ಉಳಿಸಿ. ಹಳೇ ಮನೆಗಳ ತೇಗ, ಹೊನ್ನೆ, ಮತ್ತಿಯ ಚೇಗಿನ ಗುಣ ಇವತ್ತು ಸಾಮಿಲ್ಲಿನಲ್ಲಿ ಸಿಗುವ ಎಳೆಮರಕ್ಕಿಲ್ಲ.

ರೀಪರ್ ಎರಡಂಗುಲಕ್ಕೆ ಒಂದಂಗುಲದ್ದು. ಹೊಸದಕ್ಕೆ ಮತ್ತಿ, ಹೊನ್ನೆ ಅಥವಾ ಕೆಡವಿದ ಮನೆಯ ಹಳೇ ಮರ ಸೀಳಿಸಿದ್ದು ಉತ್ತಮ. ಸಿಲ್ವರ್ ಓಕ್ ಅಗ್ಗ, ಆದರೆ ಮದ್ದು ಕೊಡದೆ ಹಾಕಿದರೆ ಹುಳ ಬಿಡುವುದಿಲ್ಲ. ನೀಲಗಿರಿ ಹಸಿಯಾಗಿದ್ದರೆ ಒಣಗುವಾಗ ತಿರುಚಿಕೊಂಡು ಹೆಂಚಿನ ಸಾಲನ್ನೇ ಎತ್ತಿಬಿಡುತ್ತದೆ. ಮಂಡ್ಯದ ಕಡೆ ತೆಂಗಿನ ಮರ ಬಳಸುವುದಾದರೆ ಹಳೆಯ ಮರದ ಹೊರಸುತ್ತಿನ ಕಪ್ಪು ಎಳೆಯ ಭಾಗ ಮಾತ್ರ ತಗೊಳ್ಳಿ, ಒಳಗಿನದು ಮೆತ್ತಗೆ. ಮರ ಯಾವುದೇ ಇರಲಿ, ನೆರಳಲ್ಲಿ ಸಂದಿ ಬಿಟ್ಟು ಅಟ್ಟಿಹಾಕಿ ಒಣಗಿಸಿದ್ದಿರಬೇಕು. ತೇವಮಾಪಕ ಶೇ. 15ರ ಒಳಗೆ ತೋರಿಸಿದರೆ ಕೆಲಸಕ್ಕೆ ಬರುತ್ತದೆ. ಹಳೇ ತೇಗಕ್ಕೆ ನೇರ ಮೊಳೆ ಹೊಡೆದರೆ ಮೊಳೆ ಬಾಗುತ್ತದೆ ಇಲ್ಲವೇ ತುದಿ ಸೀಳುತ್ತದೆ, ಮೊದಲು ಡ್ರಿಲ್ಲಿನಲ್ಲಿ ಮೊಳೆಗಿಂತ ಸಣ್ಣ ತೂತು ಹಾಕಿ. ಎರಡೂವರೆ ಅಂಗುಲದ ಸತು ಲೇಪಿಸಿದ ಮೊಳೆ ಬಳಸಿ. ಬರೀ ಕಬ್ಬಿಣದ ಮೊಳೆ ತೇವ ಸೇರಿದಾಗ ತೇಗ, ಮತ್ತಿಯ ಒಗರಿನ ಜೊತೆ ಸೇರಿ ಸುತ್ತಲೂ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಕೆಲವು ವರ್ಷದಲ್ಲಿ ಮೊಳೆಯೂ ಇಲ್ಲ, ಅದರ ಹಿಡಿತವೂ ಇಲ್ಲ.

ಜಂತೆಯ ತುದಿ ಗೋಡೆಯ ಮೇಲೆ ಕೊಳೆತಿದ್ದರೆ ಇಡೀ ಜಂತೆ ತೆಗೆಯಬೇಕಿಲ್ಲ. ಮೇಲಿನ ಹೆಂಚನ್ನು ಒಂದು ಮಾರು ಅಗಲಕ್ಕೆ ತೆಗೆದು ಭಾರ ಇಳಿಸಿ. ಕೆಳಗೆ ಸರ್ವೆ ಕಂಬ ಅಥವಾ ಕಬ್ಬಿಣದ ಜಾಕ್ ಕೊಟ್ಟು, ಜಂತೆ ಎತ್ತಿ ಹಿಡಿಯುವಷ್ಟು ಮಾತ್ರ ಬಿಗಿ ಮಾಡಿ. ಬಹುಕಾಲ ಬಾಗಿದ ಮರವನ್ನು ಒಂದೇ ಸಲ ನೇರ ಮಾಡಲು ಹೋದರೆ ಗೋಡೆ ಬಿರುಕು ಬಿಡುತ್ತದೆ. ಕೊಳೆತು ಮುಗಿದ ಗೆರೆಯಿಂದ ಇನ್ನೊಂದಡಿ ಒಳಕ್ಕೆ ಕತ್ತರಿಸಿ, ಏಕೆಂದರೆ ಶಿಲೀಂಧ್ರ ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಅದೇ ಅಳತೆಯ ಹೊಸ ತುದಿ ಕೂರಿಸಿ, ಎರಡೂ ಪಕ್ಕಕ್ಕೆ ಅದೇ ಎತ್ತರದ ಹಲಗೆ ಜೋಡಿಸಿ. ನಾಲ್ಕಂಗುಲದ ಜಂತೆಯಾದರೆ ಈ ಹಲಗೆ ಒಳ್ಳೆಯ ಮರದ ಮೇಲೆ ಕನಿಷ್ಠ ಎರಡಡಿ ಹಾಯ್ದಿರಬೇಕು, ಹೊಸ ತುಂಡಿನ ಮೇಲೂ ಅಷ್ಟೇ. ಎರಡೂ ಕಡೆ ನಾಲ್ಕು ನಾಲ್ಕು 10 ಮಿ.ಮೀ. ಬೋಲ್ಟು, ಅಗಲದ ವಾಷರು. ಬೋಲ್ಟುಗಳು ಒಂದೇ ಗೆರೆಯಲ್ಲಿದ್ದರೆ ಮರ ಆ ಗೆರೆಯಲ್ಲೇ ಸೀಳುತ್ತದೆ, ಮೇಲೆ ಕೆಳಗೆ ಹಾಕಿ. ಮುಖ್ಯ ವಿಷಯ, ಹೊಸ ತುದಿಯನ್ನು ಗಾರೆಯಲ್ಲಿ ಹುದುಗಿಸಬೇಡಿ. ಕೆಳಗೊಂದು ಕಲ್ಲಿನ ಬಿಲ್ಲೆ ಕೊಟ್ಟು, ಸುತ್ತ ಅರ್ಧ ಅಂಗುಲ ಸಂದಿ ಬಿಡಿ. ಗಾಳಿಯಾಡದ ತುದಿಯೇ ಮೊದಲು ಕೊಳೆಯುವುದು. ಮೂಲೆಜಂತೆ, ನೆತ್ತಿತೊಲೆ ಕೆಟ್ಟಿದ್ದರೆ ಮಾತ್ರ ಮನೆಯವರು ಕೈಹಾಕದೆ ಅನುಭವದ ಬಡಗಿಯನ್ನು ಕರೆಸಿ.

ಮದ್ದಿಗೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಸಾಕು. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಒಣಮರಕ್ಕೆ ಎರಡು ಸಲ, ಕೊಯ್ದ ತುದಿಗಳಿಗೆ ಮೂರು ಸಲ ಬಳಿಯಿರಿ. ಅಥವಾ ಕೊಯ್ದ ತುದಿಯನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ನಿಲ್ಲಿಸಿ. ಹುಳಕ್ಕೂ ಶಿಲೀಂಧ್ರಕ್ಕೂ ಇದೇ ಆಗುತ್ತದೆ. ಕೈಗವಸು ಹಾಕಿಕೊಳ್ಳಿ, ಮಕ್ಕಳಿಗೆ, ದನಕರುಗಳಿಗೆ ಸಿಗದಂತೆ ಇಡಿ. ಇದು ನೀರಿಗೆ ತೊಳೆದುಹೋಗುವ ಮದ್ದು, ಹಾಗಾಗಿ ಮಳೆ ಬೀಳುವ ಹೊರಮರಕ್ಕೆ ಇದೊಂದನ್ನೇ ನಂಬಬೇಡಿ. ಚೆನ್ನಾಗಿ ಒಣಗಿದ ಮೇಲೆ ಮೇಲೊಂದು ಎಣ್ಣೆ ಬೇಕು. ಕುದಿಸಿದ ಅಗಸೆ ಎಣ್ಣೆಯನ್ನು ಟರ್ಪೆಂಟೈನ್ ಸಮಭಾಗ ಬೆರೆಸಿ ಮೊದಲ ಕೋಟ್, ಎಣ್ಣೆ ಹೆಚ್ಚಿಸಿ ಎರಡನೆಯದು. ಗೇರೆಣ್ಣೆಯೂ ಒಳ್ಳೆಯದು, ಆದರೆ ಚರ್ಮ ಸುಡುತ್ತದೆ, ಬಣ್ಣ ಕಪ್ಪಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಯಲ್ಲಿ ಎಸೆಯಬೇಡಿ, ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಹರಡಿ ಒಣಗಿಸಿ.

ಬೆಂಕಿಯ ಮಾತು ಬಂತು. ಮೈಸೂರಿನ ಹಳೇ ಅರಮನೆ ಬಹುಪಾಲು ಮರದ್ದೇ, 1897ರಲ್ಲಿ ಮದುವೆಯ ಸಮಯದಲ್ಲಿ ಹೊತ್ತಿ ಉರಿದದ್ದು ಊರಿಗೆಲ್ಲ ಗೊತ್ತು. ಜಂತೆಗೆ ಮೊಳೆ ಹೊಡೆದು ಎಳೆದ ಹಳೇ ವೈರು, ಇಲಿ ಕಚ್ಚಿದ ವೈರು ಇದ್ದರೆ ಈ ಕೆಲಸದ ಜೊತೆಯಲ್ಲೇ ಪೈಪಿನೊಳಗೆ ಹಾಕಿಸಿ.

ತ್ರಿಕೋನದ ಹಲಗೆ

ಯಾದವಗಿರಿ, ಜಯಲಕ್ಷ್ಮೀಪುರಂ ಕಡೆಯ ಹಳೇ ಬಂಗಲೆಗಳಲ್ಲಿ ಸೂರಿನ ಎದುರಿನ ತ್ರಿಕೋನಕ್ಕೆ ಒಂದರ ಮೇಲೊಂದು ಹೊದ್ದ ಮರದ ಹಲಗೆ ಹೊಡೆದಿರುವುದುಂಟು. ಪಡುವಣ, ನೈಋತ್ಯದ ಕಡೆಯದು ಮೊದಲು ಹೋಗುತ್ತದೆ. ಕೆಟ್ಟ ಹಲಗೆ ಒಂದನ್ನು ತೆಗೆಯಲು ಮೇಲಿನ ಹಲಗೆಯ ಕೆಳಗೆ ಚಪ್ಪಟೆ ಸನಿಕೆ ತೂರಿಸಿ ಕಾಲಂಗುಲ ಎತ್ತಿ, ಬೆಣೆ ಕೊಟ್ಟು, ಬಟ್ಟೆ ಸುತ್ತಿ ಹಿಡಿದ ಹ್ಯಾಕ್ಸಾ ಬ್ಲೇಡನ್ನು ಒಳಕ್ಕೆ ಬಿಟ್ಟು ಮೊಳೆ ಕತ್ತರಿಸಿ ಕೆಳಗೆ ಎಳೆಯಿರಿ. ಮೊಳೆಯನ್ನು ಮೀಟಿ ತೆಗೆಯಲು ಹೋದರೆ ಮೇಲಿನ ಹಲಗೆಯೂ ಸೀಳುತ್ತದೆ. ಹೊಸ ಹಲಗೆಗೆ ಮುಂಭಾಗಕ್ಕಷ್ಟೇ ಅಲ್ಲ, ಹಿಂಭಾಗಕ್ಕೂ ಎರಡೂ ತುದಿಗಳಿಗೂ ಎಣ್ಣೆ ಕೊಟ್ಟಿರಬೇಕು. ಒಂದೇ ಕಡೆ ಬಳಿದ ಹಲಗೆ ತೇವಕ್ಕೆ ಬಿಲ್ಲಿನಂತೆ ಬಾಗುತ್ತದೆ. ಹೊದಿಕೆ ಕನಿಷ್ಠ ಒಂದೂಕಾಲು ಅಂಗುಲ. ಮೊಳೆ ಒಂದು ಹಲಗೆಯನ್ನು ಮಾತ್ರ ಹಿಡಿಯಬೇಕು, ಕೆಳಗಿನ ಹಲಗೆಯ ಮೇಲಂಚಿಗಿಂತ ಸ್ವಲ್ಪ ಮೇಲೆ ಬೀಳಬೇಕು. ಎರಡನ್ನೂ ಸೇರಿಸಿ ಹೊಡೆದರೆ ಹಿಗ್ಗಲು ಜಾಗವಿಲ್ಲದೆ ನಡುವೆ ಬಿರಿಯುತ್ತವೆ. ಹಲಗೆಯ ತುದಿಗಳಲ್ಲಿ 3 ಮಿ.ಮೀ. ಸಂದಿ ಬಿಡಿ. ಸೂರಿನಂಚಿನ ಹಲಗೆಗೂ ಇದೇ ಕ್ರಮ, ಜೊತೆಗೆ ಮೊದಲ ಸಾಲಿನ ಹೆಂಚು ಅದರಿಂದ ಎರಡಂಗುಲವಾದರೂ ಮುಂದೆ ಚಾಚಿರಬೇಕು.

ನೆತ್ತಿಯ ಗಾರೆ

ನೆತ್ತಿಹೆಂಚನ್ನು ಬರೀ ಸಿಮೆಂಟಿನಲ್ಲಿ ಕೂರಿಸಿದರೆ ಅದು ಬಿಗಿದು ಕುಗ್ಗಿ ಬಿರುಕು ಬಿಡುತ್ತದೆ. ಕೆಳಗಿನ ಮರ ಅಲುಗುತ್ತದೆ, ಸಿಮೆಂಟು ಅಲುಗುವುದಿಲ್ಲ. ಮುಂದೆ ತೆಗೆಯಬೇಕಾದಾಗ ಹೆಂಚೂ ಜೊತೆಗೆ ಒಡೆಯುತ್ತದೆ. ಒಂದು ಪಾಲು ನೆನೆಸಿದ ಸುಣ್ಣಕ್ಕೆ ಮೂರು ಪಾಲು ಮರಳು ಸಾಕು. ಬೇಗ ಗಟ್ಟಿಯಾಗಬೇಕೆಂದರೆ ಒಂದು ಸಿಮೆಂಟು, ಒಂದು ಸುಣ್ಣ, ಆರು ಮರಳು. ಹಿಂದಿನವರು ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಮಂಡ್ಯದ ಕಡೆ ಬೆಲ್ಲಕ್ಕೇನು ಕೊರತೆಯಿಲ್ಲ. ಹೆಂಚನ್ನು ನೀರಲ್ಲಿ ನೆನೆಸಿ ಕೂರಿಸಿ, ಇಲ್ಲದಿದ್ದರೆ ಅದು ಗಾರೆಯ ನೀರನ್ನೆಲ್ಲ ಎಳೆದುಕೊಂಡು ಗಾರೆ ಪುಡಿಯಾಗುತ್ತದೆ. ಗಾರೆ ಎರಡೂ ಅಂಚಿನಲ್ಲಿ ಮಾತ್ರ ಇರಲಿ, ನೆತ್ತಿತೊಲೆಯ ಮೇಲೆ ತುಂಬಬೇಡಿ. ಒಂದು ವಾರ ಒದ್ದೆ ಗೋಣಿ ಹೊದಿಸಿ.

ಹೆಂಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹೊಡೆಸಬೇಡಿ. ಸೋರುವುದು ಕಾಣದಂತಾಗುತ್ತದೆ ಅಷ್ಟೇ, ನೀರು ಹಾಳೆಯ ಮೇಲೆ ನಿಂತು ರೀಪರನ್ನು ಒಣಗಲು ಬಿಡುವುದಿಲ್ಲ. ಹೆಂಚಿನ ಒಳಬದಿಗೆ ಪೇಂಟ್ ಬಳಿಯುವುದೂ ಬೇಡ. ಮಳೆಯಲ್ಲಿ ಕುಡಿದ ನೀರನ್ನು ಹೆಂಚು ಬಿಸಿಲಲ್ಲಿ ಎರಡೂ ಕಡೆ ಬಿಡಬೇಕು.

ಅರ್ಧಕೊಳವೆಯಂಥ ನಾಡಹೆಂಚಿನ ಸೂರಿಗೂ ಮರದ ಮಾತೆಲ್ಲ ಇದೇ. ಆದರೆ ಅದರಲ್ಲಿ ಕಚ್ಚಿಲ್ಲ. ಕೆಳಗೆ ಅಂಗಾತ, ಮೇಲೆ ಬೋರಲು, ಭಾರದಿಂದಲೇ ನಿಲ್ಲುತ್ತದೆ. ಬೆಕ್ಕು ಓಡಾಡಿದರೂ ಸರಿಯುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಪೂರ್ತಿ ಕೈಯಾಡಿಸಲೇಬೇಕು. ಒಳ್ಳೆಯದನ್ನು ಅಂಗಾತದ ಸಾಲಿಗೆ ಹಾಕಿ, ಏಕೆಂದರೆ ನೀರು ಹೊರುವುದು ಅದೇ. ಅಂಚು ಮುಕ್ಕಾದದ್ದನ್ನು ಬೋರಲಿಗೆ ಹಾಕಬಹುದು.

ಉಳಿದ ಹೆಂಚುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿಡಿ. ಮಲಗಿಸಿ ಪೇರಿಸಿದರೆ ಕೆಳಗಿನವು ಬಿರಿಯುತ್ತವೆ. ಮೊದಲ ದೊಡ್ಡ ಮಳೆ ಬಂದಾಗ ಟಾರ್ಚು ಹಿಡಿದು ಮೂಲೆಜಂತೆ, ಹೊಸ ತುದಿ ಕೂರಿಸಿದ ಜಂತೆ, ನೆತ್ತಿಯ ಕೆಳಗೆ ಒಮ್ಮೆ ಕೈಯಾಡಿಸಿ ನೋಡಿ. ಒದ್ದೆ ಸಿಕ್ಕಿದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಮಳೆ ಬಿಟ್ಟು ಎರಡು ದಿನ ಬಿಸಿಲು ಕಾದ ಮೇಲೆ ಆ ಜಾಗದ ಹೆಂಚಷ್ಟನ್ನೇ ಎತ್ತಿ ಸರಿಮಾಡಿ. ದೋಣಿಯ ಎಲೆಯನ್ನು ಜೂನ್ ಮೊದಲ ವಾರ ಒಮ್ಮೆ, ಹಸ್ತಮಳೆಗೆ ಮುಂಚೆ ಇನ್ನೊಮ್ಮೆ ತೆಗೆಯಿರಿ.